ಬೆಕ್ಕಿನ ಮರಿಗೆ ಯಾವ ಲಿಟರ್ ಟ್ರೇ? ಮನೆಯಲ್ಲೇ ಬಳಸಿ ನೋಡಿದ ಐದು ಬಗೆ

ಅಂಗಡಿಗೆ ಹೋಗಿ ಬೆಕ್ಕಿನ ಮರಿಗೆ ಲಿಟರ್ ಟ್ರೇ (ಮನೆಯೊಳಗೆ ಅದು ಕಕ್ಕ, ಉಚ್ಚೆ ಮಾಡಲು ಇಡುವ ತಟ್ಟೆ; ಅದರೊಳಗೆ ಸುರಿಯುವ ಹರಳು, ಪುಡಿಯೇ ಲಿಟರ್) ಬೇಕು ಅಂದರೆ, ತೋರಿಸುವುದೆಲ್ಲ ಬೆಳೆದ ಬೆಕ್ಕಿನ ಅಳತೆಯವೇ. "ಹೇಗೂ ಬೆಳೆಯುತ್ತಲ್ಲ, ದೊಡ್ಡದೇ ತಗೊಳ್ಳಿ" ಎನ್ನುತ್ತಾರೆ. ದಯವಿಟ್ಟು ಆ ಮಾತಿಗೆ ಒಪ್ಪಬೇಡಿ. ಆರೇಳು ವಾರದ ಮರಿ ಮುಕ್ಕಾಲು ಕಿಲೋ ತೂಗಿದರೆ ಹೆಚ್ಚು. ಅದರ ಹೊಟ್ಟೆ ನೆಲದಿಂದ ನಾಲ್ಕು ಬೆರಳು ಮೇಲಿರುತ್ತದೆ ಅಷ್ಟೇ. ಟ್ರೇಯ ಅಂಚು ಅದಕ್ಕಿಂತ ಎತ್ತರ ಇದ್ದರೆ, ಅವಸರಕ್ಕೆ ಓಡಿ ಬಂದ ಮರಿ ಹತ್ತಲಾರದೆ ಪಕ್ಕದಲ್ಲೇ ಕೂತು ಮುಗಿಸುತ್ತದೆ. ಅದಕ್ಕೆ ಬೈದು ಪ್ರಯೋಜನವಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ. ಕೈತೋಟ ಇಲ್ಲ, ಮಣ್ಣು ಇಲ್ಲ. ಚರಂಡಿ ಪಕ್ಕದಲ್ಲಿ ಸಿಕ್ಕ ಕೆಂಚ ಮತ್ತು ಅವನ ತಂಗಿ ಬೆಳ್ಳಿ ಬಂದಾಗ, ಒಂದೊಂದೇ ಬಗೆಯ ಟ್ರೇ ಇಟ್ಟು ಅವು ಯಾವುದಕ್ಕೆ ತಾವಾಗಿಯೇ ಹೋಗುತ್ತವೆ ಎಂದು ನೋಡಿದೆವು. ನಮಗೆ ಯಾವುದು ಚೆಂದ ಕಾಣುತ್ತೆ ಅನ್ನುವುದು ಲೆಕ್ಕಕ್ಕಿಲ್ಲ. ಬಳಸುವವರು ಅವು ತಾನೇ?

ರಟ್ಟಿನ ಡಬ್ಬಿ

ಚಪ್ಪಲಿ ಡಬ್ಬಿಯ ಮುಚ್ಚಳ, ಸ್ವೀಟ್ ಬಾಕ್ಸ್, ಯಾವುದಾದರೂ ಸರಿ. ಅಂಚನ್ನು ಎರಡು ಇಂಚಿಗೆ ಕತ್ತರಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಲಿಟರ್ ಸುರಿದರೆ ಆಯಿತು. ಖರ್ಚು ಸೊನ್ನೆ. ಮರಿಗಳು ಮೊದಲ ದಿನವೇ ಹತ್ತಿ ಇಳಿದವು. ತೊಂದರೆ ಏನೆಂದರೆ ಉಚ್ಚೆ ಮೂಲೆಯಿಂದ ಇಳಿದು ರಟ್ಟನ್ನು ಮೆತ್ತಗೆ ಮಾಡುತ್ತದೆ. ಎರಡು ಮೂರು ದಿನಕ್ಕೆ ಎಸೆಯಲೇಬೇಕು. ಆದರೂ ಮರಿ ಮನೆಗೆ ಬಂದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಭೇದಿ ಆಗುತ್ತಿರುವ ಮರಿಗೂ ಇದೇ ಸರಿ, ಏಕೆಂದರೆ ತೊಳೆಯುವ ಗೋಜಿಲ್ಲದೆ ಡಬ್ಬಿ ಸಮೇತ ಎಸೆಯಬಹುದು.

ತೆರೆದ ಪ್ಲಾಸ್ಟಿಕ್ ಟ್ರೇ

ಎಲ್ಲ ಕಡೆ ಸಿಗುವುದು ಇದೇ. ಇದರಲ್ಲೂ ಎರಡು ಬಗೆ. ನಾಲ್ಕೂ ಬದಿ ಒಂದೇ ಎತ್ತರ ಇರುವುದು ಒಂದು, ಮುಂದಿನ ಬದಿ ಮಾತ್ರ ತಗ್ಗಾಗಿರುವುದು ಇನ್ನೊಂದು. ಮರಿಗೆ ಎರಡನೆಯದೇ ಬೇಕು. ಮುಂದಿನ ಅಂಚು 5–6 ಸೆಂಟಿಮೀಟರ್ ದಾಟಬಾರದು. ಅಂಗಡಿಗೆ ಹೋಗುವಾಗ ಅಳತೆ ಟೇಪ್ ಹಿಡಿದುಕೊಂಡೇ ಹೋಗಿ. ಡಬ್ಬದ ಮೇಲೆ "ಕಿಟನ್" ಎಂದು ಬರೆದಿದ್ದರೂ ಅಂಚು ಅರ್ಧ ಅಡಿ ಇರುವುದನ್ನು ನಾನು ನೋಡಿದ್ದೇನೆ.

ಹಗುರ, ಅಗ್ಗ, ತೊಳೆಯಲು ಸುಲಭ. ಆದರೆ ಉಗುರಿನಿಂದ ಕೆರೆದು ಕೆರೆದು ತಳದಲ್ಲಿ ಗೀರು ಬೀಳುತ್ತವೆ. ಆ ಗೀರುಗಳಲ್ಲಿ ವಾಸನೆ ಕೂತುಬಿಡುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾಗುತ್ತದೆ.

ಮುಚ್ಚಿದ ಟ್ರೇ

ಮೇಲೆ ಗೂಡು, ಮುಂದೆ ತೂಗಾಡುವ ಬಾಗಿಲು. ಮನೆಗೆ ಬಂದವರ ಕಣ್ಣಿಗೆ ಗಲೀಜು ಕಾಣುವುದಿಲ್ಲ, ಲಿಟರ್ ಹೊರಗೆ ಚೆಲ್ಲುವುದೂ ಕಡಿಮೆ. ಆ ಮಟ್ಟಿಗೆ ಒಳ್ಳೆಯದು. ಆದರೆ ಈ ವಯಸ್ಸಿನ ಮರಿಗೆ ನಾನು ಇದನ್ನು ಖಂಡಿತ ಹೇಳುವುದಿಲ್ಲ. ಬಾಗಿಲನ್ನು ತಲೆಯಿಂದ ತಳ್ಳುವುದು ಬೆಳ್ಳಿಗೆ ಬರಲೇ ಇಲ್ಲ. ಕೆಂಚ ಒಳಗೆ ಹೋದ, ಆದರೆ ಬಾಗಿಲು ಬೆನ್ನಿಗೆ ಬಡಿದದ್ದಕ್ಕೆ ಬೆದರಿ ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ. ಬಾಗಿಲು ಕಳಚಿಟ್ಟ ಮೇಲೆ ಇಬ್ಬರೂ ಬಂದರು, ಅದೂ ಬೇರೆ ಟ್ರೇ ಗಲೀಜಾಗಿದ್ದಾಗ ಮಾತ್ರ.

ಇನ್ನೂ ಒಂದು ವಿಷಯ. ಮುಚ್ಚಿದ ಟ್ರೇ ವಾಸನೆಯನ್ನು ಇಲ್ಲದಂತೆ ಮಾಡುವುದಿಲ್ಲ, ಒಳಗೆ ಕೂಡಿಡುತ್ತದೆ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು. ಹೊರಗೆ ನಿಂತ ನಮಗೆ ಏನೂ ಗೊತ್ತಾಗುವುದಿಲ್ಲ, ಒಳಗೆ ಅಮೋನಿಯಾ ತುಂಬಿರುತ್ತದೆ. ಕಣ್ಣಿಗೆ ಕಾಣದ್ದರಿಂದ ನಾವೂ ಎತ್ತುವುದನ್ನು ನಾಳೆಗೆ ತಳ್ಳುತ್ತೇವೆ. ಮರಿಯ ಕಕ್ಕ ಗಟ್ಟಿಯಿದೆಯೋ ನೀರಾಗಿದೆಯೋ, ಜಂತುಹುಳ ಇದೆಯೋ ಎಂದು ದಿನಾ ನೋಡಬೇಕಾದ ವಯಸ್ಸು ಇದು. ತೆರೆದ ಟ್ರೇಯಲ್ಲಿ ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮೇಲಿನಿಂದ ಧುಮುಕುವ ಟ್ರೇಗಳು, ತಾನೇ ಶುಚಿ ಮಾಡಿಕೊಳ್ಳುವ ಯಂತ್ರದ ಟ್ರೇಗಳು ಇವೆಯಲ್ಲ, ಅವನ್ನು ನಾನು ತರಲೇ ಇಲ್ಲ. ಮೊದಲನೆಯದಕ್ಕೆ ಮರಿ ಹಾರಲಾರದು. ಎರಡನೆಯದರಲ್ಲಿ ಬೆಕ್ಕು ಒಳಗಿದೆಯೇ ಎಂದು ಯಂತ್ರ ತಿಳಿಯುವುದು ಹೆಚ್ಚಾಗಿ ತೂಕದಿಂದ. ಮರಿಯ ತೂಕ ಅದರ ಲೆಕ್ಕಕ್ಕೇ ಬಾರದೆ ಹೋಗಬಹುದು.

ಜರಡಿಯ ಟ್ರೇ

ಎರಡು ಅಂತಸ್ತು. ಮೇಲೆ ತೂತಿನ ತಳ, ಕೆಳಗೆ ಎಳೆಯುವ ಡ್ರಾಯರ್. ಮರದ ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ತುಂಡು) ಹಾಕಿದರೆ, ಉಚ್ಚೆ ಬಿದ್ದ ಪೆಲೆಟ್ ಉಬ್ಬಿ ಪುಡಿಯಾಗಿ ಕೆಳಗೆ ಉದುರುತ್ತದೆ, ಒಣಗಿದ್ದು ಮೇಲೇ ಉಳಿಯುತ್ತದೆ. ಉಪಾಯ ಚೆನ್ನಾಗಿದೆ, ಲಿಟರ್ ಖರ್ಚೂ ಕಡಿಮೆ. ಆದರೆ ಎರಡು ಅಂತಸ್ತು ಸೇರಿ ಎತ್ತರವಾಗುತ್ತದೆ, ಮರಿಗೆ ಮುಂದೆ ಮೆಟ್ಟಿಲು ಇಡಬೇಕು. ದಪ್ಪ ಪುಸ್ತಕಕ್ಕೆ ಹಳೆ ಟವೆಲ್ ಸುತ್ತಿ ಇಟ್ಟೆವು, ನಡೆಯಿತು. ಇನ್ನೊಂದು ತೊಡಕು, ಮರಿಗಳು ತಳದವರೆಗೂ ಕೆದಕುತ್ತವೆ. ಕೆದಕಿದಾಗ ಕಾಲಿಗೆ ತೂತಿನ ತಟ್ಟೆ ಸಿಕ್ಕರೆ ಇಷ್ಟಪಡುವುದಿಲ್ಲ. ಬೆಳ್ಳಿ ಸುಮ್ನೆ ಮೇಲೆ ಕೂತು, ಮುಚ್ಚದೆ ಇಳಿದು ಬರುತ್ತಿದ್ದಳು.

ಸ್ಟೀಲ್ ಟ್ರೇ

ಪಾತ್ರೆ ಅಂಗಡಿಯಲ್ಲಿ ಸಿಗುವ ಅಗಲವಾದ, ತಗ್ಗು ಅಂಚಿನ ಸ್ಟೀಲ್ ಟ್ರೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅಂಚು ಎರಡು ಇಂಚು, ಮರಿ ನಡೆದುಕೊಂಡೇ ಒಳಗೆ ಹೋಗುತ್ತದೆ. ಸ್ಟೀಲು ವಾಸನೆ ಹೀರುವುದಿಲ್ಲ, ಉಗುರಿಗೆ ಗೀರು ಬೀಳುವುದಿಲ್ಲ. ಬಿಸಿನೀರು ಸುರಿದು ಉಜ್ಜಿದರೆ ಹೊಸದರ ಹಾಗೆ. ಪ್ಲಾಸ್ಟಿಕ್ಕಿಗಿಂತ ದುಬಾರಿ ನಿಜ, ಆದರೆ ಬೆಕ್ಕಿನ ಆಯಸ್ಸು ಪೂರ್ತಿ ಬಾಳುತ್ತದೆ.

ಕುಂದು ಇಲ್ಲವೇ? ಇದೆ. ನಡುರಾತ್ರಿ ಕೆರೆದರೆ ಕರಕರ ಸದ್ದು ಮನೆಯೆಲ್ಲ ಕೇಳುತ್ತದೆ. ಅಂಚು ತಗ್ಗಾದ್ದರಿಂದ ಲಿಟರ್ ಎರಡಡಿ ದೂರ ಹಾರುತ್ತದೆ. ನುಣುಪಾದ ಟೈಲ್ಸ್ ಮೇಲೆ ಟ್ರೇಯೇ ಜಾರುತ್ತದೆ, ಅದಕ್ಕೆ ಬೆದರುವ ಮರಿಗಳಿವೆ. ಕೆಳಗೆ ಹಳೆಯ ಗೋಣಿಚೀಲವೋ ಕಾಲೊರೆಸುವ ಮ್ಯಾಟೋ ಹಾಸಿದರೆ ಮೂರೂ ತಕ್ಕಮಟ್ಟಿಗೆ ತಹಬಂದಿಗೆ ಬರುತ್ತವೆ.

ಒಳಗೆ ಏನು ಹಾಕಬೇಕು

ಇದರ ಬಗ್ಗೆ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಟ್ರೇ ತಪ್ಪಾದರೆ ನೆಲ ಒರೆಸಿದರೆ ಸಾಕು, ಲಿಟರ್ ತಪ್ಪಾದರೆ ಮರಿಯ ಜೀವಕ್ಕೇ ಕುತ್ತು. ಒದ್ದೆಯಾದರೆ ಗಡ್ಡೆ ಕಟ್ಟುವ ಬೆಂಟೊನೈಟ್ ಮಣ್ಣಿನ ಲಿಟರ್ ದೊಡ್ಡ ಬೆಕ್ಕಿಗೆ ಚೆನ್ನ. ಎಳೆ ಮರಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಆ ಮಣ್ಣು ಹೊಟ್ಟೆಯೊಳಗೂ ಉಬ್ಬಿ ಗಡ್ಡೆ ಕಟ್ಟಬಹುದು, ಕರುಳು ಕಟ್ಟಿಕೊಳ್ಳಬಹುದು. ಮೂರು ತಿಂಗಳು ತುಂಬುವವರೆಗೆ ಅದನ್ನು ದೂರವೇ ಇಡಿ. ಮರದ ಪೆಲೆಟ್, ಕಾಗದದ ಲಿಟರ್, ಏನೂ ಸಿಗದಿದ್ದರೆ ಚೂರು ಚೂರು ಹರಿದ ನ್ಯೂಸ್‌ಪೇಪರ್ ನಡೆಯುತ್ತದೆ.

ಊರಿನ ಕಡೆ ಮರಳು, ಒಲೆಯ ಬೂದಿ ಬಳಸುವುದು ಹಿಂದಿನಿಂದ ಇದೆ. ಮರಳನ್ನು ಮರಿಗಳು ಇಷ್ಟಪಟ್ಟು ಕೆದಕುತ್ತವೆ. ಆದರೆ ಅದು ವಾಸನೆ ಹಿಡಿಯುವುದಿಲ್ಲ, ಭಾರ ಬೇರೆ. ಬೂದಿ ಕಾಲಿಗೆ ಅಂಟಿ ಮನೆಯೆಲ್ಲ ಹೆಜ್ಜೆ ಮೂಡುತ್ತದೆ. ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1947ರಲ್ಲಿ ಎಡ್ವರ್ಡ್ ಲೋವ್ ಎಂಬವರ ನೆರೆಮನೆಯ ಹೆಂಗಸು ಇದೇ ದೂರು ಹೇಳಿದ್ದರು. ಅವರಿಗೆ ಲೋವ್ ಕೊಟ್ಟ ಒಣಮಣ್ಣಿನ ಹರಳಿನಿಂದಲೇ ಇವತ್ತಿನ ಲಿಟರ್ ವ್ಯಾಪಾರ ಶುರುವಾಯಿತು.

ತೊಳೆಯುವಾಗ ಫಿನಾಯಿಲ್ ಬೇಡವೇ ಬೇಡ. ನೀರಿಗೆ ಹಾಕಿದರೆ ಬೆಳ್ಳಗಾಗುವ ಕ್ರಿಮಿನಾಶಕಗಳಲ್ಲಿ ಹಲವುಗಳಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ, ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಆಮೇಲೆ ಬಿಸಿಲು, ಇಷ್ಟು ಸಾಕು. ಮನೆಯಲ್ಲಿ ಬಸುರಿಯರಿದ್ದರೆ ಟ್ರೇ ಕೆಲಸ ಬೇರೆಯವರು ಮಾಡಲಿ, ದಿನಾ ತಪ್ಪದೆ ಮಾಡಲಿ. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ, ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲ ಪರಾವಲಂಬಿ ಜೀವಿ ಬೇರೆಯವರಿಗೆ ತಗಲುವಂತಾಗಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ಎತ್ತಿ ಹಾಕಿದರೆ ಅಪಾಯ ಬಹಳ ಕಡಿಮೆ.

ಈಗ ನಮ್ಮಲ್ಲಿ ಮೂರು ಟ್ರೇ ಇವೆ, ಇರುವ ಬೆಕ್ಕುಗಳಿಗಿಂತ ಒಂದು ಹೆಚ್ಚು. ಎರಡು ಸ್ಟೀಲಿನವು, ಒಂದು ಬಾಗಿಲು ಕಳಚಿದ ಗೂಡು. ಊಟದ ಬಟ್ಟಲಿನಿಂದ ದೂರ, ಓಡಾಟ ಕಡಿಮೆಯಿರುವ ಮೂಲೆಗಳಲ್ಲಿ ಇಟ್ಟಿದ್ದೇವೆ. ಮರಿ ಬೆಳೆದು ದೊಡ್ಡ ಟ್ರೇಗೆ ಹೋಗುವಾಗ ಚಿಕ್ಕದನ್ನು ಒಮ್ಮೆಲೇ ತೆಗೆಯಬೇಡಿ. ಹೊಸದನ್ನು ಪಕ್ಕದಲ್ಲೇ ಇಟ್ಟು, ಹಳೆಯದರಿಂದ ಒಂದು ಹಿಡಿ ಬಳಸಿದ ಲಿಟರ್ ಅದಕ್ಕೆ ಹಾಕಿ. ವಾಸನೆ ಹಿಡಿದು ತಾವೇ ಹೋಗುತ್ತವೆ. ಹೊಸದರಲ್ಲಿ ದಿನಾ ಗುರುತು ಸಿಗತೊಡಗಿದ ಮೇಲೆ ಚಿಕ್ಕದನ್ನು ಎತ್ತಿಡಿ.