ಕಿಡ್ನಿ ತೆಗೆಸಿದ ಮೇಲೆ ಬಯಾಪ್ಸಿ ರಿಪೋರ್ಟ್ ಕೈಗೆ ಬರುವ ತನಕ ಬಿಡಬೇಡಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಲ್ಲು, ಕೀವು, ಇನ್‌ಫೆಕ್ಷನ್ ಅಂತ ಕಿಡ್ನಿ ತೆಗೆದಿದ್ದಾರಾ? ಹಾಗಿದ್ದರೆ ಡಿಸ್ಚಾರ್ಜ್ ಸಮ್ಮರಿಯನ್ನು ಈಗಲೇ ತೆಗೆದು ನೋಡಿ. ಹಿಸ್ಟೋಪೆಥಾಲಜಿ ರಿಪೋರ್ಟ್, ಅಂದರೆ ತೆಗೆದ ಅಂಗವನ್ನು ಲ್ಯಾಬಿನಲ್ಲಿ ನೋಡಿ ಕೊಡುವ ಬಯಾಪ್ಸಿ ರಿಪೋರ್ಟ್, ಬರಬೇಕಿದೆ ಅಂತ ಎಲ್ಲೋ ಒಂದು ಸಾಲು ಇರಬಹುದು. ಆ ರಿಪೋರ್ಟ್ ನಿಮ್ಮ ಹತ್ತಿರ ಇದೆಯಾ? ನಮ್ಮ ಹತ್ತಿರ ಇರಲಿಲ್ಲ. ಆಸ್ಪತ್ರೆಯ ಫೈಲಿನಲ್ಲಿತ್ತು. ತಿಂಗಳುಗಟ್ಟಲೆ ಅಲ್ಲೇ ಇತ್ತು. ಅದರಲ್ಲಿ ಕ್ಯಾನ್ಸರ್ ಅಂತ ಬರೆದಿತ್ತು.

ನಾವು ಚಿತ್ರದುರ್ಗದ ಕಡೆಯವರು. ಅಪ್ಪನ ಎಡಗಡೆ ಕಿಡ್ನಿಯಲ್ಲಿ ವರ್ಷಗಳಿಂದ ಕಲ್ಲು. ಚಳಿಜ್ವರ ಬರುವುದು, ಯೂರಿನ್ ಟೆಸ್ಟ್‌ನಲ್ಲಿ ಪಸ್ ಸೆಲ್ಸ್, ಆಂಟಿಬಯಾಟಿಕ್ ಕೋರ್ಸ್, ಸ್ವಲ್ಪ ದಿನ ಆರಾಮ, ಮತ್ತೆ ಜ್ವರ. ಕಲ್ಲಿನ ಕಾಟ ಇರುವ ಮನೆಯವರಿಗೆ ಇದು ಹೊಸದೇನಲ್ಲ. ಆದರೆ ಈ ಸಲ ಅಪ್ಪ ಇಳಿದುಹೋದರು. ಸೊಂಟದಲ್ಲಿ ಪಂಚೆ ನಿಲ್ಲುತ್ತಿರಲಿಲ್ಲ. ಹಿಮೋಗ್ಲೋಬಿನ್ ಕೆಳಗಿಳಿದಿತ್ತು. ಕಿಡ್ನಿ ಟಿಬಿ ಇರಬಹುದು ಅಂತ ಬೆಳಗಿನ ಮೊದಲ ಮೂತ್ರ ಕಳಿಸಿದರು, ಏನೂ ಸಿಗಲಿಲ್ಲ. ಆಮೇಲೆ ಸಿಟಿ ಸ್ಕ್ಯಾನ್ ಆಯ್ತು.

ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬಾಯಿಗೆ ಬಾರದ ಒಂದು ಹೆಸರು, ಕ್ಸಾಂಥೋಗ್ರಾನುಲೋಮ್ಯಾಟಸ್ ಪೈಲೋನೆಫ್ರೈಟಿಸ್. ಕಲ್ಲು ಸಿಕ್ಕಿಕೊಂಡು, ಇನ್‌ಫೆಕ್ಷನ್ ಹಳೆಯದಾಗಿ, ಕಿಡ್ನಿ ಒಳಗಿನಿಂದಲೇ ಹಾಳಾಗುವ ಕಾಯಿಲೆ. ಅದರ ಕೆಳಗೇ ಇನ್ನೊಂದು ಸಾಲು: ಕ್ಯಾನ್ಸರ್ ಇಲ್ಲ ಅಂತ ಹೇಳಲು ಆಗುವುದಿಲ್ಲ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಡಾಕ್ಟರನ್ನು ಕೇಳಿದೆ. ಅವರು ಕಾಗದ ನೋಡಲೇ ಇಲ್ಲ. "ನೋಡಮ್ಮ, ಸ್ಕ್ಯಾನಿಂಗ್‌ನವರು ತಮ್ಮ ಸೇಫ್ಟಿಗೆ ಎಲ್ಲರಿಗೂ ಹಾಗೆ ಬರೀತಾರೆ. ಇದು ಹಳೇ ಇನ್‌ಫೆಕ್ಷನ್. ಗೂಗಲ್ ನೋಡಿ ತಲೆ ಕೆಡಿಸ್ಕೋಬೇಡಿ" ಅಂದರು.

ಬೆನ್ನಿನಿಂದ ಟ್ಯೂಬ್ ಹಾಕಿ ಕೀವು ತೆಗೆದರು. ಜ್ವರ ಪೂರ್ತಿ ಬಿಡಲಿಲ್ಲ. ಆ ಕಿಡ್ನಿ ಕೆಲಸವೇ ಮಾಡುತ್ತಿಲ್ಲ, ತೆಗೆದುಬಿಡೋಣ ಅಂದರು. ಒಪ್ಪಿದೆವು. ಆಪರೇಷನ್ ಮುಗಿದ ಮೇಲೆ ನಮ್ಮನ್ನು ಕರೆದು ಸ್ಟೀಲ್ ಟ್ರೇಯಲ್ಲಿ ತೋರಿಸಿದರು. ಕಲ್ಲು ಶುಂಠಿ ಗೆಡ್ಡೆಯ ಹಾಗೆ ಕವಲು ಕವಲಾಗಿತ್ತು. ಅದರ ಸುತ್ತ ಬೆಳ್ಳಗೆ, ದಪ್ಪಗೆ ಏನೋ ಅಂಟಿಕೊಂಡಿತ್ತು. "ಅದೇನು ಸರ್?" ಅಂದೆ. "ಗಟ್ಟಿಯಾದ ಕೀವು. ಲ್ಯಾಬ್‌ಗೆ ಕಳಿಸ್ತೀವಿ" ಅಂದರು. ಲ್ಯಾಬಿನ ದುಡ್ಡು ಬಿಲ್ಲಿನಲ್ಲಿ ಬಂತು, ಕಟ್ಟಿದೆವು.

ಹೊಲಿಗೆ ಬಿಚ್ಚಿಸಲು ಹೋದಾಗ ಲ್ಯಾಬ್ ರಿಪೋರ್ಟ್ ಬಂತಾ ಅಂತ ಡಾಕ್ಟರನ್ನು ಕೇಳಿದೆ. ಕೇಳಿದ್ದೇನೆ. ನನ್ನ ತಮ್ಮ ಪಕ್ಕದಲ್ಲೇ ನಿಂತಿದ್ದ. "ಎಲ್ಲಾ ಚೆನ್ನಾಗಿದೆಯಮ್ಮ, ಕಾಯಿಲೆ ಬುಡಸಮೇತ ತೆಗೆದಿದ್ದೀವಿ" ಅಂದರು. ಅಪ್ಪ ಕೈ ಮುಗಿದರು. ನಾವು ತಂದಿದ್ದ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬಂದೆವು. ಆ ಶಾಲು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೆಲವು ತಿಂಗಳಿಗೆ ಅದೇ ಜಾಗದಲ್ಲಿ ನೋವು ಶುರುವಾಯಿತು. ಅದೇ ಡಾಕ್ಟರು, "ಆಪರೇಷನ್ ಆದ ಕಡೆ ನರ ಎಳೆಯೋದು ಸಹಜ" ಅಂತ ನೋವಿನ ಮಾತ್ರೆ ಬರೆದರು. ಆಮೇಲೆ ಕೈಗೆ ಗಡ್ಡೆ ಸಿಕ್ಕಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಫೈಲ್ ತಿರುವಿ ಮೊದಲು ಕೇಳಿದ್ದೇ "ಬಯಾಪ್ಸಿ ರಿಪೋರ್ಟ್ ಎಲ್ಲಿ?" ಅಂತ.

ವಾಪಸ್ ಹೋಗಿ ರೆಕಾರ್ಡ್ ರೂಮಿನಲ್ಲಿ ಕೇಳಿದೆ. ಹುಡುಗ ಫೈಲ್ ತೆಗೆದ. ರಿಪೋರ್ಟ್ ಒಳಗೇ ಪಿನ್ ಆಗಿತ್ತು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಒಂದು ಬಗೆಯ ಕ್ಯಾನ್ಸರ್. ಕಿಡ್ನಿ ಸುತ್ತಲಿನ ಕೊಬ್ಬಿಗೂ ಹರಡಿದೆ ಅಂತ ಇತ್ತು. ಮೇಲಿದ್ದ ತಾರೀಖು ನೋಡಿದೆ. ಹೊಲಿಗೆ ಬಿಚ್ಚಿದ ದಿನಕ್ಕಿಂತ ಮೊದಲಿನ ತಾರೀಖು! "ಎಲ್ಲಾ ಚೆನ್ನಾಗಿದೆ" ಅಂದ ದಿನ ಈ ಕಾಗದ ಅದೇ ಕಟ್ಟಡದಲ್ಲಿತ್ತು. ನಾವು ಶಾಲು ಹೊದಿಸುವಾಗ ಇತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಆ ಹುಡುಗ, "ಪೇಷಂಟ್ ಕಡೆಯವರು ಬಂದು ತಗೊಂಡು ಹೋಗಿಲ್ಲ ಮೇಡಂ" ಅಂದ. ನಮ್ಮ ಫೋನ್ ನಂಬರ್ ಫೈಲಿನ ಮೇಲೆ ದಪ್ಪಕ್ಷರದಲ್ಲಿತ್ತು. ಬಿಲ್ ಬಾಕಿ ಇದ್ದಾಗ ಅದೇ ನಂಬರಿಗೆ ದಿನಕ್ಕೆರಡು ಸಲ ಮಾಡುತ್ತಿದ್ದರು.

ಆಪರೇಷನ್ ಮಾಡಿದ ಡಾಕ್ಟರ್ ಹೇಳಿದ್ದು ಇನ್ನೂ ಘೋರ. "ಆಗ ಗೊತ್ತಾಗಿದ್ರೂ ಜಾಸ್ತಿ ವ್ಯತ್ಯಾಸ ಆಗ್ತಿರಲಿಲ್ಲಮ್ಮ, ಈ ಕ್ಯಾನ್ಸರೇ ಹಾಗೆ."

ಈ ಕ್ಯಾನ್ಸರ್ ಕೆಟ್ಟದ್ದು ಅನ್ನುವುದು ನಿಜವೇ. ಬೆಂಗಳೂರಿನ ಡಾಕ್ಟರ್ ಕೂರಿಸಿಕೊಂಡು ಹೇಳಿದರು. ಕಿಡ್ನಿ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದೂ ಇರದಷ್ಟು ಅಪರೂಪ. ವರ್ಷಗಟ್ಟಲೆ ಕಲ್ಲು ಉಜ್ಜಿ, ಇನ್‌ಫೆಕ್ಷನ್ ಆಗಿ ಆಗಿ, ಒಳಪದರದ ಜೀವಕೋಶಗಳೇ ಬದಲಾಗುತ್ತವಂತೆ. ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಗಡ್ಡೆ ಬೇರೆಯಾಗಿ ಕಾಣುವುದೇ ಇಲ್ಲ, ಕೀವಿನಲ್ಲೇ ಮುಚ್ಚಿಹೋಗಿರುತ್ತದೆ. ಉಲ್ಟಾನೂ ಆಗುತ್ತದೆ, ಕ್ಯಾನ್ಸರ್ ಅಂತ ತೆಗೆದ ಕಿಡ್ನಿಯಲ್ಲಿ ಬರೀ ಇನ್‌ಫೆಕ್ಷನ್ ಸಿಗುವುದೂ ಉಂಟು. ಹಾಗಾಗಿ ಆಪರೇಷನ್‌ಗೆ ಮೊದಲು ಗೊತ್ತಾಗಲಿಲ್ಲ ಅಂದರೆ ನಾನು ಜಗಳ ಮಾಡುವುದಿಲ್ಲ. ಆದರೆ ಇಂಥದ್ದು ಪಕ್ಕಾ ಆಗುವುದೇ ಬಯಾಪ್ಸಿಯಲ್ಲಿ, ಅಲ್ವಾ? ಅದು ಬಂದ ಮೇಲೂ ಹೇಳದಿದ್ದರೆ? ಕ್ಯಾನ್ಸರ್ ಡಾಕ್ಟರನ್ನು ಆಗಲೇ ನೋಡಬಹುದಿತ್ತು. ಮತ್ತೆ ಸ್ಕ್ಯಾನ್ ಮಾಡಿಸಿ ನಿಗಾ ಇಡಬಹುದಿತ್ತು. ವ್ಯತ್ಯಾಸ ಆಗುತ್ತಿತ್ತೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದವರು ನಾವು. ಅಪ್ಪ ಆ ತಿಂಗಳುಗಳಲ್ಲಿ ಸಾಲ ಮಾಡಿ ಬೋರ್‌ವೆಲ್ ಹಾಕಿಸಿದರು. ಗೊತ್ತಿದ್ದರೆ ಹಾಕಿಸುತ್ತಿದ್ದರಾ?

ಕಲ್ಲು ಹಳೆಯದಾಗಿದ್ದು, ಜ್ವರ ಬಿಟ್ಟು ಬಿಟ್ಟು ಬಂದು, ತೂಕ ಇಳಿಯುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಬರೀ ಆಂಟಿಬಯಾಟಿಕ್ ಬದಲಿಸುತ್ತಾ ಕೂರುವವರ ಹತ್ತಿರ ಇರಬೇಡಿ. ಕ್ಯಾನ್ಸರ್ ಇಲ್ಲ ಅನ್ನಲಾಗದು ಅಂತ ಸ್ಕ್ಯಾನ್‌ನಲ್ಲಿದ್ದರೆ ಇನ್ನೊಬ್ಬರಿಗೆ ತೋರಿಸಿ. ತೆಗೆದ ಅಂಗ ಲ್ಯಾಬಿಗೆ ಹೋಯಿತಾ, ಯಾವ ಲ್ಯಾಬಿಗೆ, ಕೇಳಿ ಬರೆದಿಟ್ಟುಕೊಳ್ಳಿ. ಬಾಯಿಮಾತಿನ "ಚೆನ್ನಾಗಿದೆ" ನಂಬಬೇಡಿ, ಕಾಗದ ತೆಗೆದುಕೊಳ್ಳಿ. ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಆಗಿನ ಭಾರತೀಯ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮವೇ ಇದೆ. ತೆಗೆದ ಅಂಗದ ಚೂರುಗಳನ್ನು ಲ್ಯಾಬಿನವರು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನೂ ಕೇಳಿ ತೆಗೆದುಕೊಳ್ಳಿ. ಬೇರೆ ಕಡೆ ಮತ್ತೆ ನೋಡಿಸಲು ಅವು ಬೇಕೇ ಬೇಕು.

ಅಪ್ಪನಿಗೆ ಈಗ ಕೀಮೋ ನಡೆಯುತ್ತಿದೆ. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯಡಿ ಜಿಲ್ಲೆಯಲ್ಲಿ ದೂರು ಕೊಟ್ಟಿದ್ದೇನೆ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೂ ಬರೆದಿದ್ದೇನೆ. ಮೊನ್ನೆ ಆ ಆಸ್ಪತ್ರೆಯ ಪಿಆರ್‌ಒ ಫೋನ್ ಮಾಡಿದ್ದರು. ದೂರು ವಾಪಸ್ ತೆಗೆದುಕೊಂಡರೆ ಬಯಾಪ್ಸಿಗೆ ಕಟ್ಟಿದ ದುಡ್ಡು ವಾಪಸ್ ಕೊಡುತ್ತಾರಂತೆ. ಏನು ಹೇಳುವುದಿದ್ದರೂ ಲೆಟರ್‌ಹೆಡ್‌ನಲ್ಲಿ ಬರೆದು ಕಳಿಸಿ ಅಂದೆ. ಇನ್ನೂ ಬಂದಿಲ್ಲ.