ಹಳೇ ಬಾತ್‌ಟಬ್ ತೆಗೆಸುತ್ತಿದ್ದೀರಾ? ಟೈಲ್ಸ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮದು ಬೆಂಗಳೂರಿನ ಬಸವನಗುಡಿ ಕಡೆ 1996ರಲ್ಲಿ ಕಟ್ಟಿದ ಅಪಾರ್ಟ್‌ಮೆಂಟು. ಆಗ ಬಾತ್‌ಟಬ್ ಇದ್ದರೆ ಫ್ಲ್ಯಾಟಿಗೆ ಅದೊಂದು ಗತ್ತು. ಅದರಲ್ಲಿ ಮೈಚಾಚಿ ಮಲಗಿ ಸ್ನಾನ ಮಾಡಿದವರು ಮಾತ್ರ ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ನೀರು ಬರದ ದಿನಕ್ಕೆ ತುಂಬಿಡುವ ತೊಟ್ಟಿ, ಬೇಸಿಗೆಯಲ್ಲಿ ಬೆಡ್‌ಶೀಟ್ ನೆನೆಹಾಕುವ ಜಾಗ, ಅಷ್ಟೇ. ನೀರು ತುಂಬುವ ಹಬ್ಬದ ಸಂಜೆ ನಮ್ಮತ್ತೆ ಹಂಡೆಯ ಬದಲು ಅದರ ಅಂಚಿಗೇ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದು ಕುಂಕುಮ ಇಡುತ್ತಿದ್ದರು.

ಅತ್ತೆಗೀಗ 78. ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದ್ದ ಟಬ್ಬಿನ ಅಂಚು ಅವರ ಮಂಡಿಗಿಂತ ಮೇಲೆ. ಶವರ್ ಇದ್ದದ್ದು ಅದರೊಳಗೇ, ಹಾಗಾಗಿ ದಿನಾ ಕಾಲೆತ್ತಿ ದಾಟಬೇಕು. ಹೋದ ವರ್ಷ ಒಂದು ದಿನ ಜಾರಿ, ಟವೆಲ್ ರಾಡು ಹಿಡಿದು ಬಚಾವಾದರು. ರಾಡು ಕಿತ್ತುಬಂತು. ಟಬ್ ತೆಗೆಸಿ ಸಪಾಟು ನೆಲ ಮಾಡಿಸೋಣ ಅಂತ ಅವತ್ತೇ ತೀರ್ಮಾನವಾಯಿತು.

ಪರಿಚಯದವರೊಬ್ಬರು ಒಬ್ಬ ಕಾಂಟ್ರಾಕ್ಟರ್ ನಂಬರ್ ಕೊಟ್ಟರು. ಹೆಸರು ಬರೆಯುವುದಿಲ್ಲ. ಅವನು ಒಬ್ಬನೇ ಹಾಗಿರುವುದು ಅಂತಲೂ ನಾನು ಅಂದುಕೊಂಡಿಲ್ಲ. ಬಂದ, ಟೇಪ್ ಹಿಡಿದ, ಮೊಬೈಲಲ್ಲಿ ಚಂದಚಂದದ ಬಾತ್‌ರೂಮ್ ಫೋಟೋ ತೋರಿಸಿದ. ₹92,000, ಹತ್ತು ದಿನ. "ಬಿಲ್ ಯಾಕೆ ಮೇಡಂ, ಸುಮ್ನೆ 18 ಪರ್ಸೆಂಟ್ ಜಿಎಸ್‌ಟಿ ಬೀಳತ್ತೆ ನಿಮಗೆ" ಅಂದ. ನಮಗಾಗಿಯೇ ಉಳಿಸುತ್ತಿದ್ದಾನೆ ಅನ್ನುವಂತೆ ತಲೆಯಾಡಿಸಿದೆವು. ಕರಾರಿಲ್ಲ, ಅಳತೆ ಬರೆದ ಚೀಟಿಯೂ ಇಲ್ಲ. ಅಡ್ವಾನ್ಸ್ ₹50,000 ಅವನ ಭಾವಮೈದುನನ ನಂಬರಿಗೆ ಯುಪಿಐ.

ಟಬ್ ಒಡೆದು ತೆಗೆದ ದಿನ ಕೆಳಗೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಥೆಯೆಲ್ಲ ಇರುವುದು ಅಲ್ಲೇ. ಟಬ್ಬಿನ ಅಡಿಯಲ್ಲಿ ಟೈಲ್ಸ್ ಇರಲಿಲ್ಲ. ಗಾರೆಯ ನೆಲವೂ ಇರಲಿಲ್ಲ. ಒಡೆದ ಇಟ್ಟಿಗೆ ಚೂರು, ಮರಳು, ಯಾವುದೋ ಕಾಲದ ಬೀಡಿ ಪ್ಯಾಕೆಟ್ಟು. ಮೇಲೆ ಟಬ್ ಕೂರುತ್ತದಲ್ಲ, ನೀರು ಬೀಳುವುದು ಅದರೊಳಗೆ ತಾನೆ ಅಂತ ಆಗಿನವರು ಆ ಭಾಗಕ್ಕೆ ವಾಟರ್‌ಪ್ರೂಫಿಂಗ್ ಮಾಡಿಯೇ ಇರಲಿಲ್ಲ. ಟಬ್ಬಿನ ನೀರು ಹೋಗುತ್ತಿದ್ದದ್ದು ಒಂದೂವರೆ ಇಂಚಿನ ಸಣ್ಣ ಪೈಪಿನಲ್ಲಿ. ಟಬ್ ಹೋದಮೇಲೆ ಅದೇ ಜಾಗ ಶವರಿನ ನೀರು ನೇರವಾಗಿ ಬೀಳುವ ನೆಲ. ಅಂದರೆ ಮನೆಯಲ್ಲೇ ಅತಿ ಹೆಚ್ಚು ನೀರು ಬೀಳುವ ಜಾಗಕ್ಕೆ ಕೆಳಗೆ ಯಾವ ರಕ್ಷಣೆಯೂ ಇಲ್ಲ.

ಇದೆಲ್ಲ ಈಗ ಗೊತ್ತು. ಅವತ್ತು ನಾನು ನೋಡಿದ್ದು ಬರೀ ಧೂಳು.

"ವಾಟರ್‌ಪ್ರೂಫಿಂಗ್ ಮಾಡ್ತೀರಲ್ವಾ?" ಅಂತ ಕೇಳಿದ್ದೆ. "ಮಾಡ್ದೆ ಇರ್ತೀವಾ ಮೇಡಂ" ಅಂತ ಒಂದು ಲೀಟರ್ ಡಬ್ಬಿ ತೋರಿಸಿದ. ಅದು ಸಿಮೆಂಟಿಗೆ ಬೆರೆಸುವ ದ್ರವ. ಮೂಟೆಗೆ ಇಷ್ಟು ಮಿಲಿ ಅಂತ ಗಾರೆಗೆ ಕಲಸುವಂಥದ್ದು. ನೆಲದ ಮೇಲೆ ಬ್ರಷ್ಷಿನಲ್ಲಿ ಎರಡು ಕೈ ಬಳಿಯುವ ಕೋಟಿಂಗೇ ಬೇರೆ. ಡಬ್ಬಿ ನೋಡಿ ನಾನು ನೆಮ್ಮದಿಯಾಗಿ ಅಡುಗೆಮನೆಗೆ ಹೋದೆ.

ಕೆಲಸಕ್ಕಿದ್ದ ಹುಡುಗರಲ್ಲಿ ಒಬ್ಬ ರಾಯಚೂರು ಕಡೆಯವನು. ಟೀ ಕೊಡಲು ಹೋದಾಗ ಮೆಲ್ಲಗೆ, "ಅಕ್ಕಾರ, ಟೈಲ್ಸ್ ಕುಂದ್ರಸೂದಕ್ಕ ಮೊದ್ಲ ಒಂದೆರಡ್ ದಿನ ನೀರ ನಿಂದ್ರಿಸಿ ನೋಡ್ರಿ" ಅಂದ. ನಾನು ಅದನ್ನು ಕಾಂಟ್ರಾಕ್ಟರಿಗೆ ಹೇಳಿದೆ. ಅವನು ನಕ್ಕು, "ಎರಡು ದಿನ ಲೇಬರ್ ಸುಮ್ನೆ ಕೂರತ್ತೆ, ಅದರ ಕೂಲಿ ನೀವು ಕೊಡ್ತೀರಾ?" ಅಂದ. ಸುಮ್ಮನಾದೆ. ಮಾರನೇ ದಿನದಿಂದ ಆ ಹುಡುಗ ಬರಲಿಲ್ಲ. ನನ್ನ ಬಾಯಿಂದಲೇ ಅವನ ಕೂಲಿ ಹೋಯಿತೇನೋ ಅನ್ನುವುದು ಈಗಲೂ ಕೊರೆಯುತ್ತದೆ.

"ಟೈಲ್ಸ್ ತರಬೇಕು" ಅಂತ ಮತ್ತೆ ₹30,000 ತಗೊಂಡ. ಹತ್ತು ದಿನ ಇಪ್ಪತ್ತಾರು ದಿನವಾಯಿತು. ಕೊನೆಗೆ ಮುಗಿದಾಗ ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಉಳಿದ ₹12,000ವನ್ನೂ ಖುಷಿಯಿಂದಲೇ ಕೊಟ್ಟೆವು. ಮೊದಲ ಸ್ನಾನಕ್ಕೇ ನೀರು ಜಾಲಿಯ ಕಡೆ ಹೋಗದೆ ಬಾಗಿಲ ಕಡೆ ಬಂತು. ಫೋನ್ ಮಾಡಿದರೆ, "ಹೊಸ ನೆಲ ಅಲ್ವಾ ಮೇಡಂ, ವೈಪರ್ ಹೊಡೀರಿ, ಸೆಟ್ ಆಗತ್ತೆ." ಸ್ಲೋಪು ಎಲ್ಲಿಯಾದರೂ ತಾನಾಗಿ ಸೆಟ್ ಆಗುತ್ತದೆಯೇ!

ಎರಡು ತಿಂಗಳು ಬೇರೇನೂ ಆಗಲಿಲ್ಲ. ಇದೇ ಮೋಸ ಮಾಡುವುದು. ನಮ್ಮ ಕಡೆ ಬಾತ್‌ರೂಮಿನ ಸ್ಲ್ಯಾಬನ್ನು ಅಡಿಯಷ್ಟು ತಗ್ಗಿಸಿ ಕಟ್ಟಿರುತ್ತಾರೆ, ಪೈಪು ಹಾಯಿಸಲು. ಆ ಗುಂಡಿಗೆ ತುಂಬಿರುವ ಇಟ್ಟಿಗೆ ಚೂರು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಅದು ಕುಡಿದು ಸಾಕಾಗುವವರೆಗೆ ಕೆಳಗೆ ಒಂದು ಹನಿ ಬೀಳುವುದಿಲ್ಲ. ಅಷ್ಟರಲ್ಲಿ ಕಾಂಟ್ರಾಕ್ಟರ್ ಎರಡು ಮನೆ ಮುಗಿಸಿ ಮೂರನೆಯದಕ್ಕೆ ಹೋಗಿರುತ್ತಾನೆ.

ನಮ್ಮ ಸ್ಪಂಜಿಗೆ ಸಾಕಾದದ್ದು ನರಕ ಚತುರ್ದಶಿಯ ಬೆಳಗ್ಗೆ. ಹಬ್ಬಕ್ಕೆ ನಾದಿನಿ ಮನೆಯವರೂ ಬಂದಿದ್ದರು. ಏಳು ಜನರ ಎಣ್ಣೆಸ್ನಾನ, ಒಂದರ ಹಿಂದೆ ಒಂದು. ಎಂಟು ಗಂಟೆಗೆ ಕೆಳಗಿನ ಮನೆ ಅಂಕಲ್ ಬಾಗಿಲು ತಟ್ಟಿದರು. ಮೈಮೇಲೆ ಹೊಸ ಪಂಚೆ, ಹೆಗಲ ಮೇಲೆ ಸೀಗೆಕಾಯಿ ಬಣ್ಣದ ನೀರಿನ ಕಲೆ. "ಅಮ್ಮಾ, ಹಬ್ಬದ ದಿನ ಹೇಳಬಾರದು ಅಂತಿದ್ದೆ..." ಅಂದರು. ಅವರ ಮನೆಗೆ ಹೋಗಿ ತಲೆಯೆತ್ತಿದೆ. ಬಾತ್‌ರೂಮಿನ ಛಾವಣಿ ದಾಟಿ ಕಲೆ ಹಜಾರಕ್ಕೆ ಬಂದಿತ್ತು, ಪೇಂಟು ಹಪ್ಪಳದ ಹಾಗೆ ಎದ್ದಿತ್ತು. ಅವರು ಕೂಗಾಡಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಆಂಟಿ ತಟ್ಟೆಯಲ್ಲಿ ಕಜ್ಜಾಯ ಬೇರೆ ಕೊಟ್ಟರು.

ಕಾಂಟ್ರಾಕ್ಟರ್ ಮೊದಲು "ನಾಳೆ ಬರ್ತೀನಿ" ಅಂದ. ಆಮೇಲೆ "ಅದು ಹಳೇ ಬಿಲ್ಡಿಂಗ್ ಪ್ರಾಬ್ಲಮ್ಮು". ಆಮೇಲೆ ಫೋನೇ ಎತ್ತಲಿಲ್ಲ.

ಬೇರೆ ಮೇಸ್ತ್ರಿಯನ್ನು ಹಿಡಿದು ಹೊಸ ಟೈಲ್ಸ್ ಒಡೆಸಿದೆವು. ಪ್ರತಿ ಏಟಿಗೂ ನಮ್ಮನೆಯವರು ಮುಖ ಕಿವುಚುತ್ತಿದ್ದರು. ಮೊದಲಿನ ಕಾಂಟ್ರಾಕ್ಟರ್ ಟಬ್ಬಿನ ಹಳೇ ಪೈಪನ್ನು ಹೊಸ ಟ್ರ್ಯಾಪಿನೊಳಗೆ, ಅಂದರೆ ಜಾಲಿಯ ಕೆಳಗೆ ಕೂರುವ ಬಟ್ಟಲಿನೊಳಗೆ, ಸುಮ್ಮನೆ ತುರುಕಿ, ಸುತ್ತ ಸಿಮೆಂಟ್ ಮೆತ್ತಿದ್ದ. ಅಂಟು ಹಾಕಿರಲಿಲ್ಲ, ಕೈಯಲ್ಲಿ ಎಳೆದರೆ ಬಂತು. ಇಟ್ಟಿಗೆ ಚೂರನ್ನು ಹಿಡಿದು ಹಿಂಡಬಹುದು ಅನ್ನುವಷ್ಟು ಒದ್ದೆ.

ಈ ಮೇಸ್ತ್ರಿ ಗುಂಡಿಯನ್ನು ಸ್ಲ್ಯಾಬಿನವರೆಗೂ ಖಾಲಿ ಮಾಡಿ ಒಣಗಲು ಬಿಟ್ಟರು. ಮೂಲೆಗಳಿಗೆ ಜಾಲರಿ ಬಟ್ಟೆ ಅಂಟಿಸಿ, ಕೋಟಿಂಗ್ ಒಮ್ಮೆ ಉದ್ದಕ್ಕೆ, ಒಣಗಿದ ಮೇಲೆ ಅಡ್ಡಕ್ಕೆ. ಗೋಡೆಗೆ ಸುತ್ತಲೂ ಒಂದಡಿ, ಶವರ್ ಇರುವ ಕಡೆ ಆಳೆತ್ತರ. ಆಮೇಲೆ ಪೈಪಿನ ಬಾಯಿಗೆ ಬಿರಡೆ ಹಾಕಿ ನೀರು ನಿಲ್ಲಿಸಿದರು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ. 48 ಗಂಟೆ. ಗುಂಡಿ ತುಂಬಿಸಿ ಮೇಲೆ ಮತ್ತೆ ಕೋಟಿಂಗ್ ಬಳಿದ ಮೇಲೆ ಇನ್ನೊಮ್ಮೆ. ಆ ಎರಡು ದಿನದ ಕೂಲಿ ಅಂತ ಅವರು ಕೇಳಲೇ ಇಲ್ಲ: "ನೀರು ನಿಂತಾಗ ನಾವ್ಯಾಕಮ್ಮ ಇಲ್ಲಿ ಕೂರ್ಬೇಕು, ಬೇರೆ ಕಡೆ ಕೆಲಸ ನೋಡ್ಕೋತೀವಿ." ಇದಕ್ಕೆ ₹1,10,000, ಕೆಳಗಿನ ಮನೆ ಪೇಂಟಿಂಗಿಗೆ ₹18,000. ಮೊದಲಿನ ₹92,000 ಸೇರಿಸಿ ಲೆಕ್ಕ ನೀವೇ ಹಾಕಿಕೊಳ್ಳಿ, ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ನೀರು ನಿಲ್ಲಿಸಿ ನೋಡುವುದನ್ನು ಮೊದಲೇ ಕಾಗದದಲ್ಲಿ ಬರೆಸಿ, ಅದು ಮುಗಿಯುವವರೆಗೆ ಅರ್ಧಕ್ಕಿಂತ ಹೆಚ್ಚು ದುಡ್ಡು ಕೈಬಿಡಬೇಡಿ. ಮುಚ್ಚುವ ಮುಂಚೆ ಪೈಪಿನ ಜೋಡಣೆಗಳ ಫೋಟೋ ತೆಗೆದಿಡಿ. ಬಿಲ್ ತಗೊಳ್ಳಿ. ನಾನು 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ, ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹಾಕುತ್ತಿದ್ದೇನೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ನನ್ನ ಫೈಲಿನಲ್ಲಿರುವುದು ಭಾವಮೈದುನನ ಹೆಸರಿನ ಯುಪಿಐ ಚೀಟಿಗಳು, "ಸೆಟ್ ಆಗತ್ತೆ ಮೇಡಂ" ಅನ್ನುವ ವಾಟ್ಸಾಪ್ ಮೆಸೇಜು ಅಷ್ಟೇ.

ಎರಡನೇ ಸಲ ಕೆಲಸ ಮುಗಿದ ಮೇಲೂ ಕೆಳಗಿನ ಅಂಕಲ್ ಹಜಾರದಲ್ಲಿ ಬಕೆಟ್ ಇಟ್ಟೇ ಇದ್ದರು. ಮೂರು ವಾರದ ನಂತರ ಒಂದು ಭಾನುವಾರ ಫೋನ್ ಬಂತು.

"ಇವತ್ತು ನಿಮ್ಮನೇಲಿ ಎಲ್ಲರ ಸ್ನಾನ ಆಯ್ತಾಮ್ಮ?"

"ಆಯ್ತು ಅಂಕಲ್. ನಾಲ್ಕು ಜನರದ್ದೂ. ಅತ್ತೆದು ಎಣ್ಣೆಸ್ನಾನ."

"ಹಂಗಾದ್ರೆ ಬಕೆಟ್ ತೆಗೀತೀನಿ" ಅಂದರು.