ಮಕ್ಕಳ ಫುಟ್‌ಬಾಲ್ ತಂಡವನ್ನು ಹೊರದೇಶದ ತರಬೇತಿಗೆ ಕಳಿಸುವ ಮೊದಲು ಇದನ್ನು ಓದಿ

ನಿಮ್ಮ ಮಕ್ಕಳ ಫುಟ್‌ಬಾಲ್ ತಂಡವನ್ನು ತರಬೇತಿಗೆ ಯುರೋಪಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಯಾರಾದರೂ ಬಂದಿದ್ದಾರಾ? ಮುಂಗಡ ಕೊಡುವ ಮೊದಲು ಐದು ನಿಮಿಷ ಇದನ್ನು ಓದಿ. ನನ್ನ ಮಗನ ತಂಡ ಹೀಗೆ ಹೋಗಿ ಬಂದಿದೆ. ಎಲ್ಲರೂ 14 ವರ್ಷದೊಳಗಿನ ಹುಡುಗರು. ಜೊತೆಗೆ ಹೋದ ಪೋಷಕರಲ್ಲಿ ನಾನೂ ಇದ್ದೆ, ಹಾಗಾಗಿ ಇದು ಕೇಳಿದ ಕತೆಯಲ್ಲ.

ಕರಪತ್ರದಲ್ಲಿ ಒಂದು ದೊಡ್ಡ ಕ್ಲಬ್ಬಿನ ಲಾಂಛನ ಇತ್ತು. ಕ್ಲಬ್ಬಿನದೇ ತರಬೇತಿ ಶಾಲೆಯಾದ ಅಕಾಡೆಮಿಯ ಕೋಚ್‌ಗಳಿಂದ ತರಬೇತಿ, ಅಕಾಡೆಮಿ ತಂಡಗಳ ಜೊತೆ ಪಂದ್ಯ, ಕೊನೆಗೆ ಸ್ಕೌಟ್‌ಗಳ (ಕ್ಲಬ್ಬಿಗೆ ಆಟಗಾರರನ್ನು ಹುಡುಕುವವರ) ಎದುರು ಟ್ರಯಲ್ಸ್, ಅಂದರೆ ಆಯ್ಕೆ ಪರೀಕ್ಷೆ, ಎಂದು ಬರೆದಿತ್ತು. ಹೋಗಿ ನೋಡಿದರೆ ಮೈದಾನ ಆ ಕ್ಲಬ್ಬಿನದ್ದೇ ಅಲ್ಲ. ಗಂಟೆಗಿಷ್ಟು ಎಂದು ಯಾರಿಗೆ ಬೇಕಾದರೂ ಬಾಡಿಗೆಗೆ ಸಿಗುವ ಟರ್ಫ್. ಕೋಚ್‌ಗಳು ಕ್ಲಬ್ಬಿನ ಜೆರ್ಸಿ ಹಾಕಿಕೊಂಡಿದ್ದರು. ಆ ಜೆರ್ಸಿ ಅಂಗಡಿಯಲ್ಲೂ ಸಿಗುತ್ತದೆ ಅಲ್ವಾ? ಯುರೋಪಿನಲ್ಲಿ ಕೋಚ್‌ಗಳಿಗೆ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಸಿ, ಬಿ, ಎ, ಪ್ರೊ ಎಂದು ಹಂತ ಹಂತದ ಲೈಸೆನ್ಸ್ ಇರುತ್ತದೆ. ಆಯಾ ದೇಶದ ಫುಟ್‌ಬಾಲ್ ಸಂಘ ಅದನ್ನು ಕೊಡುತ್ತದೆ. ನಮ್ಮ ಜೊತೆಗಿದ್ದ ಒಬ್ಬರು ಅದನ್ನು ತೋರಿಸಿ ಎಂದು ಕೇಳಿದರು. ಆಮೇಲೆ ತೋರಿಸ್ತೀವಿ ಎಂದರು. ಕೊನೆಯವರೆಗೂ ತೋರಿಸಲಿಲ್ಲ.

ಅಕಾಡೆಮಿ ತಂಡ ಎಂದು ಕರೆತಂದವರು ಅಲ್ಲೇ ಅಕ್ಕಪಕ್ಕ ಆಡುವ ಹುಡುಗರು. ಅದೇನೂ ತಪ್ಪಲ್ಲ, ಮಕ್ಕಳು ಯಾರ ಜೊತೆ ಆಡಿದರೂ ಕಲಿಯುತ್ತಾರೆ. ಆದರೆ ಒಂದು ಪಂದ್ಯಕ್ಕೆ ಬಂದವರು ಮೀಸೆ ಚಿಗುರಿದ, ನಮ್ಮ ಹುಡುಗರಿಗಿಂತ ಒಂದು ತಲೆ ಎತ್ತರದವರು. ವಯಸ್ಸು ಎಷ್ಟು ಎಂದು ಯಾರೂ ನೋಡಿರಲಿಲ್ಲ. ಆ ಪಂದ್ಯದಲ್ಲಿ ನಮ್ಮ ತಂಡದ ಒಬ್ಬ ಹುಡುಗ ಹೆಡ್ ಮಾಡಲು ಹಾರಿ, ತಲೆಗೆ ತಲೆ ಬಡಿಸಿಕೊಂಡು ಬಿದ್ದ. ಎದ್ದಾಗ ಕಾಲು ತೂರಾಡುತ್ತಿತ್ತು. ಸ್ಕೋರ್ ಎಷ್ಟು ಎಂದರೆ ಹೇಳಲು ಆಗುತ್ತಿರಲಿಲ್ಲ. ಕೋಚ್ ಮುಖಕ್ಕೆ ನೀರು ಚಿಮುಕಿಸಿ, ಆಡು ಹೋಗು ಎಂದ. ಅವನ ತಾಯಿ ಗೆರೆ ದಾಟಿ ಒಳಗೆ ಹೋಗಿ ಮಗನನ್ನು ಹೊರಗೆ ಕರೆತಂದರು.

ಆ ತಾಯಿ ಮಾಡಿದ್ದೇ ಸರಿ. ತಲೆಗೆ ಪೆಟ್ಟು ಬಿದ್ದ ಮಗುವಿಗೆ ಮಿದುಳು ಅಲುಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಅವತ್ತು ಮತ್ತೆ ಆಡಿಸುವಂತಿಲ್ಲ. ಪ್ರಜ್ಞೆ ತಪ್ಪಲೇಬೇಕು ಎಂದೇನಿಲ್ಲ. ತಲೆನೋವು, ವಾಂತಿ, ಮಂಕು, ಬೆಳಕು ಕಣ್ಣಿಗೆ ಚುಚ್ಚುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವೆಲ್ಲ ಲಕ್ಷಣಗಳೇ. ಮೊದಲ ಪೆಟ್ಟು ಮಾಯುವ ಮೊದಲೇ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ ಆಗಬಹುದು. ಮಕ್ಕಳಿಗೆ ತರಬೇತಿ ಕೊಡುವವರಿಗೆ ಇಷ್ಟೂ ಗೊತ್ತಿಲ್ಲ ಎಂದರೆ ಅವರ ಹತ್ತಿರ ಮಕ್ಕಳನ್ನು ಬಿಡಬಾರದು. ನಾನು ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಹೋದಾಗ ವಿಮೆಯ ವಿಷಯ ಬಂತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ತೋರಿಸಬೇಕು. ಸಂಘಟಕರು ಅದನ್ನು ಮಾಡಿಸಿದ್ದರು, ವೀಸಾವೂ ಸಿಕ್ಕಿತ್ತು. ಆದರೆ ಒಳಗಿನ ಸಣ್ಣ ಅಕ್ಷರದಲ್ಲಿ, ಕ್ರೀಡಾ ತರಬೇತಿ ಮತ್ತು ಪಂದ್ಯಗಳಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂದಿತ್ತು. ಆಡುವುದಕ್ಕೇ ಹೊರಟ ಮಕ್ಕಳಿಗೆ ಆಟದ ಗಾಯಕ್ಕೆ ರಕ್ಷಣೆ ಇಲ್ಲದ ವಿಮೆ! ಸ್ಕ್ಯಾನ್ ಖರ್ಚನ್ನು ಆ ಹುಡುಗನ ಮನೆಯವರೇ ಕಟ್ಟಿದರು. ದೇವರ ದಯೆ, ಹುಡುಗ ಈಗ ಚೆನ್ನಾಗಿದ್ದಾನೆ. ನಿಮ್ಮ ಮಗುವಿನ ವಿಮೆಯ ಪೂರ್ತಿ ಪತ್ರ ಕೈಗೆ ಬರುವ ತನಕ ಹಣ ಕಟ್ಟಬೇಡಿ. ಸರ್ಟಿಫಿಕೇಟ್ ಹಾಳೆ ಒಂದೇ ಸಾಲದು.

ಇನ್ನು ಟ್ರಯಲ್ಸ್. ಮಕ್ಕಳ ಮನಸ್ಸಿಗೆ ಜಾಸ್ತಿ ನೋವಾದದ್ದು ಇಲ್ಲೇ. ವಾಪಸು ಹೊರಡುವ ಹೊತ್ತು ಹತ್ತಿರ ಬಂದಾಗ ಸಂಘಟಕರು ಕೆಲವು ಹುಡುಗರ ಹೆಸರು ಓದಿದರು. ಇವರನ್ನು ಸ್ಕೌಟ್ ಆರಿಸಿದ್ದಾರೆ, ಅಂತಿಮ ಟ್ರಯಲ್ಸ್‌ಗೆ ಬೇರೆ ಶುಲ್ಕ ಕಟ್ಟಬೇಕು, ಇಲ್ಲೇ, ಈಗಲೇ ಎಂದರು. ಹೆಸರು ಬಂದ ಮಕ್ಕಳು ಕುಣಿದಾಡಿದರು. ಬಾರದವರು ಮೂಲೆ ಹಿಡಿದು ಅತ್ತರು. ಮಕ್ಕಳ ಮುಖ ನೋಡಿಕೊಂಡು ಯಾವ ಅಪ್ಪ ಅಮ್ಮ ಬೇಡ ಎನ್ನುತ್ತಾರೆ? ಅದು ಗೊತ್ತಿದ್ದೇ ಮಕ್ಕಳ ಎದುರಿಗೇ ಹೆಸರು ಓದಿದ್ದು.

ಪ್ರತಿ ಪೋಷಕರಿಗೂ ಗೊತ್ತಿರಬೇಕಾದ ವಿಷಯ ಇದು. ಆಟಗಾರರ ವರ್ಗಾವಣೆಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮಗಳಿವೆ. ಅದರ 19ನೇ ವಿಧಿಯ ಪ್ರಕಾರ, 18 ವರ್ಷ ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ಬು ಸೇರಿಸಿಕೊಳ್ಳುವಂತಿಲ್ಲ. ವಿನಾಯಿತಿಗಳು ಕೆಲವೇ. ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದು. ಯುರೋಪಿನ ಒಕ್ಕೂಟದ ಒಳಗೇ ಹೋಗುವ 16 ದಾಟಿದವರಿಗೆ ಇನ್ನೊಂದು. ಗಡಿಯ ಆಚೀಚೆ 50 ಕಿಲೋಮೀಟರ್ ಒಳಗೆ ಮನೆ ಮತ್ತು ಕ್ಲಬ್ಬು ಎರಡೂ ಇದ್ದರೆ ಮತ್ತೊಂದು. ಇಂಥವೇ ಇನ್ನೂ ಕೆಲವಿವೆ. ಟ್ರಯಲ್ಸ್‌ಗೆ ಹಣ ಕಟ್ಟಿದ್ದೇನೆ ಎಂಬುದು ಅದರಲ್ಲಿಲ್ಲ. ಈ ನಿಯಮ ಸುಮ್ನೆ ಕಾಗದದ ಮೇಲೆ ಇರುವಂಥದ್ದೂ ಅಲ್ಲ. 2014ರಲ್ಲಿ ಬಾರ್ಸಿಲೋನಾ, 2016ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್, 2019ರಲ್ಲಿ ಚೆಲ್ಸಿ, ಇವರೆಲ್ಲರಿಗೂ ಇದೇ ಕಾರಣಕ್ಕೆ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ನಿಷೇಧ ಹಾಕಿತ್ತು. ಅಷ್ಟು ದೊಡ್ಡ ಕ್ಲಬ್ಬುಗಳಿಗೇ ಬಿಡಲಿಲ್ಲ. ಹಾಗಿರುವಾಗ 13 ವರ್ಷದ ಹುಡುಗನಿಗೆ ಟ್ರಯಲ್ಸ್ ಮುಗಿಸಿ ಕರಾರು ಕೊಡಿಸ್ತೀವಿ ಎನ್ನುವವರು ನಿಯಮದ ಪ್ರಕಾರ ಆಗದೇ ಇರುವುದನ್ನು ಮಾರುತ್ತಿದ್ದಾರೆ.

ಏಜೆಂಟ್ ಎಂದು ಬಂದವರ ಮಾತೂ ಹೀಗೇ. 2023ರ ಅಕ್ಟೋಬರ್‌ನಿಂದ ಏಜೆಂಟರಿಗೆ ಫಿಫಾ ಲೈಸೆನ್ಸ್ ಕಡ್ಡಾಯ. ಲೈಸೆನ್ಸ್ ಇರುವವರ ಹೆಸರನ್ನು ಫಿಫಾ ಜಾಲತಾಣದಲ್ಲೇ ಹುಡುಕಬಹುದು. ನಮಗೆ ಪರಿಚಯಿಸಿದ ವ್ಯಕ್ತಿಯ ಹೆಸರು ಅಲ್ಲಿ ಸಿಗಲಿಲ್ಲ.

ದೊಡ್ಡ ಕ್ಲಬ್ಬುಗಳ ಹೆಸರಿನಲ್ಲಿ ಹಣ ಕಟ್ಟಿ ಸೇರುವ ಬೇಸಿಗೆ ಶಿಬಿರಗಳು ನಿಜವಾಗಿಯೂ ಇವೆ. ಚೆನ್ನಾಗಿ ನಡೆಯುವಂಥವೂ ಇವೆ. ಆದರೆ ಶಿಬಿರ ಬೇರೆ, ಅಕಾಡೆಮಿಗೆ ಆಯ್ಕೆ ಬೇರೆ. ಕರಪತ್ರ ಕೈಗೆ ಬಂದ ದಿನವೇ ಆ ಕ್ಲಬ್ಬಿನ ಅಧಿಕೃತ ವಿಳಾಸಕ್ಕೆ ಒಂದು ಇಮೇಲ್ ಹಾಕಿ, ಈ ಸಂಘಟಕರಿಗೂ ನಿಮಗೂ ಒಪ್ಪಂದ ಇದೆಯೇ ಎಂದು ಕೇಳಿ. ಕರಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುವುದರಿಂದ ಪ್ರಯೋಜನವಿಲ್ಲ, ಅದನ್ನು ಎತ್ತುವವರು ಅವರದೇ ಜನ.

ಪಾಸ್‌ಪೋರ್ಟ್ ಬಗ್ಗೆಯೂ ಹೇಳಬೇಕು. ಹೋಟೆಲ್ಲಿನಲ್ಲಿ ನೋಂದಣಿಗೆ ಎಂದು ಮಕ್ಕಳ ಪಾಸ್‌ಪೋರ್ಟ್ ತೆಗೆದುಕೊಂಡವರು ವಾಪಸು ಕೊಡಲಿಲ್ಲ. ಟ್ರಯಲ್ಸ್ ಶುಲ್ಕದ ಜಗಳ ಶುರುವಾದ ಮೇಲಂತೂ ನಾಳೆ, ನಾಳೆ ಎನ್ನತೊಡಗಿದರು. ನಮ್ಮ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡುತ್ತೇವೆ ಎಂದು ನಾವೆಲ್ಲ ಒಟ್ಟಾಗಿ ನಿಂತ ಮೇಲೆಯೇ ಅವು ಹೊರಗೆ ಬಂದವು. ನೋಂದಣಿ ಮುಗಿದ ತಕ್ಷಣ ಪಾಸ್‌ಪೋರ್ಟ್ ವಾಪಸು ಕೇಳಿ. ಪೋಷಕರು ಜೊತೆಗೆ ಹೋಗದಿದ್ದರೆ, ಅವು ಯಾರ ಹತ್ತಿರ ಇರುತ್ತವೆ, ಮಕ್ಕಳ ಕೋಣೆಯ ಜವಾಬ್ದಾರಿ ಯಾರದು, ರಾತ್ರಿ ಮಗುವಿಗೆ ಹುಷಾರಿಲ್ಲದಿದ್ದರೆ ಯಾರು ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದನ್ನು ಹೆಸರು ಸಮೇತ ಬರೆಸಿಕೊಳ್ಳಿ.

ಬಂದ ಮೇಲೆ ಪೋಷಕರೆಲ್ಲ ಸೇರಿ ಕರಪತ್ರ, ರಸೀದಿ, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಜೋಡಿಸಿ ಸಂಘಟಕರಿಗೆ ಲಿಖಿತ ದೂರು ಕೊಟ್ಟಿದ್ದೇವೆ. ಅದರ ಪ್ರತಿಯನ್ನು ಫುಟ್‌ಬಾಲ್ ಸಂಘಕ್ಕೂ ಆ ದೊಡ್ಡ ಕ್ಲಬ್ಬಿಗೂ ಕಳಿಸಿದ್ದೇವೆ. ಸಂಘಟಕರು ಟ್ರಯಲ್ಸ್ ಶುಲ್ಕ ಮಾತ್ರ ಹಿಂದಿರುಗಿಸುತ್ತೇವೆ ಎಂದಿದ್ದಾರೆ. ಉಳಿದದ್ದಕ್ಕೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತಿದ್ದೇವೆ. ಇಂಥದ್ದೇ ಪ್ರವಾಸಕ್ಕೆ ಈಗಾಗಲೇ ಮುಂಗಡ ಕಟ್ಟಿದ್ದರೆ, ಬಾಕಿ ಹಣ ಕಟ್ಟುವ ಮೊದಲು ಕ್ಲಬ್ಬಿನಿಂದ ಉತ್ತರ ತರಿಸಿಕೊಳ್ಳಿ.